ಶ್ರೀಶೈಲ ಪಾದಯಾತ್ರಿ: ನಾನು ನಡದಿದ್ದು, ಕಾಕಾ ಸಿಕ್ಕಿದ್ದು

ಯುಗಾದಿಗೆ ಶ್ರೀಶೈಲಕ್ಕ ನಡಕೊಂಡ ಹೋಗಬೇಕು ಅನ್ನೂದು ನನ್ನ ಭಾಳ ವರ್ಷದ ಹರಕಿ. ನಮ್ಮ ಬಾಗಲಕೋಟಿ, ವಿಜಯಪುರ ಕಡಿಂದ ಸಾವಿರಾರು ಮಂದಿ ಬರಿಗಾಲಿಲೆ ಹೋಗ್ತಾರ, ನಾನೂ ನಮ್ಮೂರ ಕಂಬಿ (ಹೆಗಲ ಮ್ಯಾಲ ಹೊತ್ತ ಒಯ್ಯೂ ದೇವರ ಕಾವಡಿ) ಜೋಡಿ ಹೊಂಟೆ. ಇಳಕಲ್ಲು, ಲಿಂಗಸೂಗೂರು, ರಾಯಚೂರು, ಕರ್ನೂಲು, ಆತ್ಮಕೂರು, ಆಮ್ಯಾಲ ಅಡವಿ, ಒಟ್ಟ 12 ದಿನ.

ತಯಾರಿ ಅಂತ ಒಂದ ತಿಂಗಳ ಹೊಲದಾಗ ಬರಿಗಾಲಿಲೆ ಓಡಾಡಿದ್ದೆ, ಆದ್ರ ಮಣ್ಣಿನ ಮ್ಯಾಲ ನಡಿಯೂದು ಬ್ಯಾರೆ ಕಾದ ಡಾಂಬರ್ ಮ್ಯಾಲ ನಡಿಯೂದು ಬ್ಯಾರೆ. ನಸುಕಿನ 3 ಗಂಟೆಕ್ಕ ಎದ್ದು 10ರ ತನಕ ನಡಿಯೂದು, ಬಿಸಲ ಇಳಿಯೂ ತನಕ ಗಿಡದ ನೆರಳಾಗ ಮಲಗೂದು, ಸಂಜಿಮುಂದ ಮತ್ತ ಹೊಂಡೂದು, ಇದು ಎಲ್ಲಾರ ಕ್ರಮ. ಅಷ್ಟ ಮಾಡಿದ್ರೂ ಮೂರನೇ ದಿನ ಎರಡೂ ಅಂಗಾಲಿಗೆ ಗುಳ್ಳಿ ಎದ್ದು ನಾನು ಹಿಂದ ಬಿದ್ದೆ, ನಮ್ಮೂರವ್ರು ಮುಂದ ಹೋದ್ರು.

ಆಗ ಸಿಕ್ಕವ್ರು ಈ ಕಾಕಾ. ವಿಜಯಪುರ ಕಡೆಯವ್ರು, ಅರವತ್ತ ದಾಟಿತ್ತು, ಒಂಬತ್ತನೇ ಸಲ ನಡ್ಯಾಕತ್ತಿದ್ರು. ನನ್ನ ಕಾಲ ನೋಡಿ ಅಂದಿದ್ದು ಇಷ್ಟ: "ತಮ್ಮಾ, ಆ ರಸ್ತಾದ ಬಿಳಿ ಪಟ್ಟಿ ಮ್ಯಾಲ ನಡಿ, ಅಲ್ಲಿ ಸುಡೂದ ಕಡಿಮಿ." ಖರೇನ, ಬಣ್ಣ ಹಚ್ಚಿದ್ದ ಆ ನಾಕ ಬಟ್ಟಿನ ಪಟ್ಟಿ ತಂಪ ಇತ್ತು. ಅಲ್ಲಿಂದ ಮುಂದ ನಾವು ಇಬ್ಬರೂ ಒಬ್ಬರ ಹಿಂದ ಒಬ್ಬರು ಆ ಪಟ್ಟಿ ಹಿಡದ ಹೋದ್ವಿ, ಮಾತ ಕಡಿಮಿ, ಅವರ ಹೆಜ್ಜಿ ಸಪ್ಪಳಾ ಕೇಳ್ಕೋತ ನಡದ್ರ ನನ್ನ ನೋವು ಅರ್ಧಾ ಮರತ ಹೋಗ್ತಿತ್ತು.

ಕಾಕಾನ ಬಗಲಾಗ ಯಾವಾಗ್ಲೂ ಒಂದ ಗಂಟ ಇರ್ತಿತ್ತು. ಇಳಕಲ್ ಸೀರಿ, ಗುಳೇದಗುಡ್ಡದ ಖಣ, ಹಸಿರ ಬಳಿ. ನಮ್ಮ ಮಂದಿಗೆ ಶ್ರೀಶೈಲದ ಅಮ್ಮ ಭ್ರಮರಾಂಬಾ ಅಂದ್ರ ಮನಿ ಮಗಳು, ಮಲ್ಲಯ್ಯ (ಮಲ್ಲಿಕಾರ್ಜುನ) ಅಳಿಯ, ಹಬ್ಬಕ್ಕ ಮಗಳಿಗೆ ತವರಿನ ಸೀರಿ ಮುಟ್ಟಬೇಕಲ್ಲ. ಪ್ರತಿ ಸಲ ಕಾಕಿನೂ ಬರ್ತಿದ್ರಂತ, ಈ ಸಲ ಮಣಕಾಲ ಬ್ಯಾನಿ, ಅದಕ್ಕ ಸೀರಿ ಆರಿಸಿ ಕೊಟ್ಟು ಮನ್ಯಾಗ ಉಳದಿದ್ರು. ದಿನಾ ರಾತ್ರಿ ಫೋನ್ ಬರ್ತಿತ್ತು, ಮೊದಲನೇ ಪ್ರಶ್ನೆ ಗಂಡನ ಕಾಲಿಂದಲ್ಲ, ಸೀರಿದು. ಮಡಚಿದ್ದು ಮುದ್ದಿ ಆಗಿಲ್ಲಲ್ಲ?

ದಾರಿ ತುಂಬಾ ದಾಸೋಹ, ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗಿ. ಆಂಧ್ರದ ಹಳ್ಳ್ಯಾಗ ಭಾಷಾ ಬರದವ್ರೂ ನಮ್ಮ ಕಾಲಿಗೆ ಎಣ್ಣಿ ಹಚ್ಚಿ ತಿಕ್ಕಿದ್ರು, ನನ್ನ ಅವ್ವನ ವಯಸ್ಸಿನ ಒಬ್ಬಾಕಿ ನನ್ನ ಕಾಲ ಮುಟ್ಟಿ ನಮಸ್ಕಾರ ಮಾಡಿದ್ದಕ್ಕ ಏನ ಮಾಡಬೇಕೋ ತಿಳೀಲಿಲ್ಲ.

ವೆಂಕಟಾಪುರಂ ದಾಟಿದ ಮ್ಯಾಲ ನಲ್ಲಮಲ ಅಡವಿ ಸುರು. ಹುಲಿ ರಕ್ಷಿತಾರಣ್ಯ ಅದು, ಒಬ್ಬರ ಹೋಗೂ ಜಾಗಾ ಅಲ್ಲ. ನಾಗಲೂಟಿ, ಪೆಚ್ಚೆರುವು, ಆಮ್ಯಾಲ ಭೀಮನ ಕೊಳ್ಳ. ಕೆಳಗ ಇಳಿಯೂದು ಒಂದ ಕಷ್ಟ, ಅಲ್ಲಿಂದ ಗುಡ್ಡದ ಮ್ಯಾಲಿನ ಕೈಲಾಸ ದ್ವಾರಕ್ಕ ಕಲ್ಲಿನ ಮೆಟ್ಟಲ ಏರೂದು ಇನ್ನೊಂದ. ನನಗ ಗುಳ್ಳಿ ವಾಸಿ ಆಗಿತ್ತು, ಅಲ್ಲಿ ಕಾಕಾನ ಕಾಲ ಹಿಡಕೊಂತು. ಹತ್ತ ಮೆಟ್ಟಲ ಏರಿ ಕುಂದ್ರೂದು, ಮತ್ತ ಹತ್ತ. ಅರ್ಧಕ್ಕ ಬಂದಾಗ ಅವರು ಏನೂ ಅನ್ನಲಿಲ್ಲ, ಆ ಗಂಟ ನನ್ನ ಕೈಯಾಗ ಕೊಟ್ರು. ಹತ್ತ ದಿನದಾಗ ನೀರ ಕುಡಿಯೂವಾಗ ಸೈತ ಯಾರ ಕೈಗೂ ಕೊಟ್ಟಿರಲಿಲ್ಲ ಅದನ್ನ. ನಾನು ಎದಿಗೆ ಅವುಚಿಕೊಂಡ ಏರಿದೆ, ಇನ್ನೊಂದ ಕೈಯಾಗ ಕಾಕಾನ ಕೈ.

ಕೈಲಾಸ ದ್ವಾರ ಕಂಡಾಗ ಎಲ್ಲಾರೂ ಹರ ಹರ ಮಹಾದೇವ ಅಂತ ಕೂಗಿದ್ರು, ನನಗ ದನಿ ಹೊಂಡಲಿಲ್ಲ.

ಮರುದಿನ ಪಾತಾಳಗಂಗಿಯೊಳಗ (ಅಲ್ಲಿ ಕೃಷ್ಣಾ ನದಿಗೆ ಹಂಗ ಅಂತಾರ) ಜಳಕಾ ಮಾಡಿ ಪಾಳಿ ಹಚ್ಚಿದ್ವಿ. ಮಲ್ಲಯ್ಯನ ದರ್ಶನ ಕಣ್ಣ ಮುಚ್ಚಿ ತೆಗಿಯೂದರಾಗ ಮುಗೀತು, ಗದ್ದಲಾ ಅಷ್ಟಿತ್ತು. ಅಮ್ಮನ ಗುಡಿ ಮುಂದ ಗಂಟ ಬಿಚ್ಚಿದಾಗ ಸೀರಿ ಮಡಿಕಿ ಹಂಗ ಇತ್ತು. ಕಾಕಾ ಒಂದ ಸೆರಗ ಹಿಡದ್ರು, ಇನ್ನೊಂದ ತುದಿ ನನ್ನ ಕಡೆ ಚಾಚಿ "ನೀನೂ ಹಿಡಿ, ನಿನಗೂ ಅಕ್ಕ ಆಗ್ಬೇಕಲ್ಲ" ಅಂದ್ರು. ಇಬ್ಬರೂ ಕೂಡಿ ಅರ್ಚಕರ ಕೈಯಾಗ ಕೊಟ್ವಿ.

ಹೊರಗ ಬಂದ ಕೂಡ್ಲೆ ಕಾಕಿ ಫೋನ್ ಬಂತು. ಕಾಕಾ ಮಾತಾಡಾಕ ಹೋಗಿ ಗಂಟಲ ಕಟ್ಟಿ ಫೋನ್ ನನ್ನ ಕೈಗೆ ಕೊಟ್ರು. "ಮುಟ್ಟಿಸಿದ್ವಿ ಕಾಕಿ, ಒಂದ ಸುಕ್ಕ ಬಿದ್ದಿರಲಿಲ್ಲ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತ ಏನೂ ಕೇಳಲಿಲ್ಲ, ಆಮ್ಯಾಲ "ನಿನ್ನ ಕಾಲ ಹೆಂಗೈತಿ ಮಗನ?" ಅಂದ್ರು.