ಸಡಿಲಾದ ಸೊಂಟದ ಕೀಲು: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಸೊಂಟದ ಕೃತಕ ಕೀಲು ಸಡಿಲಾಗಿದೆಯೇ ಎಂಬ ಅನುಮಾನ ನನಗೆ ಹುಟ್ಟುವುದು ಹೆಚ್ಚಾಗಿ ರೋಗಿ ಕುರ್ಚಿಯಿಂದ ಏಳುವಾಗ. ಎದ್ದು ನಿಲ್ಲುತ್ತಾರೆ, ಕೈ ಇನ್ನೂ ಕುರ್ಚಿಯ ತೋಳಿನ ಮೇಲೆಯೇ ಇರುತ್ತದೆ, ತುಸು ತಡೆದು ಆಮೇಲೆ ಹೆಜ್ಜೆ ಇಡುತ್ತಾರೆ. ಮೊದಲ ಮೂರು ನಾಲ್ಕು ಹೆಜ್ಜೆ ಕುಂಟು, ಅನಂತರ ನಡಿಗೆ ಸರಾಗ. "ನೋವೇನೂ ಇಲ್ಲ ಡಾಕ್ಟರೇ, ಎದ್ದ ಕೂಡಲೇ ಸ್ವಲ್ಪ ಹಿಡಿದಂತಾಗುತ್ತದೆ, ಅಷ್ಟೇ" ಎನ್ನುತ್ತಾರೆ. ಆ 'ಅಷ್ಟೇ' ಎಂಬುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಿಡಿತ ತಪ್ಪಿದ ಭಾಗ ಭಾರ ಬಿದ್ದೊಡನೆ ಮೂಳೆಯೊಳಗೆ ಕದಲುತ್ತದೆ. ಅದು ಒಂದು ಕಡೆ ಒರಗಿ ನಿಂತ ಮೇಲೆ ನೋವು ಇಳಿಯುತ್ತದೆ. ನೋವು ತೊಡೆಸಂದಿನಲ್ಲಿದ್ದರೆ ಸೊಂಟದ ಮೂಳೆಯಲ್ಲಿ ಕೂರಿಸಿದ ಬಟ್ಟಲಿನ ಕಡೆ ನೋಡುತ್ತೇನೆ, ತೊಡೆಯ ನಡುವಿನಲ್ಲಿದ್ದರೆ ತೊಡೆಮೂಳೆಯೊಳಗಿನ ಕಾಂಡದ, ಅಂದರೆ ಸ್ಟೆಮ್‌ನ ಕಡೆ.

ನಾನು ಶಿವಮೊಗ್ಗದಲ್ಲಿ ಮೂಳೆ ಶಸ್ತ್ರಚಿಕಿತ್ಸಕ. ಪಾಶ್ಚಾತ್ಯ ದೇಶಗಳಲ್ಲಿ ಸೊಂಟದ ಕೀಲು ಬದಲಿಸಿಕೊಳ್ಳುವವರಲ್ಲಿ ಬಹುಪಾಲು ಜನ ವಯಸ್ಸಿನ ಸವೆತದಿಂದ ಬರುವ ಹಿರಿಯರು. ನಮ್ಮಲ್ಲಿ ಹಾಗಲ್ಲ. ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಅದು ಕುಸಿಯುವ ಎವಿಎನ್, ಬೆನ್ನಿನ ಜತೆಗೆ ಸೊಂಟವನ್ನೂ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಸರಿಯಾಗಿ ಕೂಡದ ಹಳೆಯ ಮುರಿತ ಇವೆಲ್ಲ ಮೂವತ್ತು, ನಲವತ್ತರ ಹರೆಯದವರನ್ನು ಕರೆತರುತ್ತವೆ. ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರೇ ಅಂಟಿಕೊಂಡಿರುವ ಕಾಯಿಲೆಯೂ ಇದೆ. ಎಪ್ಪತ್ತರ ದಶಕದಲ್ಲಿ ಹೊರಜಗತ್ತಿನ ಗಮನಕ್ಕೆ ಬಂದ ಈ ಆನುವಂಶಿಕ ಕಾಯಿಲೆ ಬಡ ಕೂಲಿಕಾರರ ಸೊಂಟದ ಕೀಲನ್ನು ದುಡಿಯುವ ವಯಸ್ಸಿನಲ್ಲೇ ಹಾಳುಮಾಡುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದನ್ನು ಪ್ರಕಟಿಸಿತು: ಸೊಂಟದ ಕೃತಕ ಕೀಲುಗಳಲ್ಲಿ ಸುಮಾರು ಶೇ 58ರಷ್ಟು 25 ವರ್ಷ ಬಾಳುತ್ತವೆ. ಎಪ್ಪತ್ತರ ಅಜ್ಜಿಗೆ ಇದು ಒಳ್ಳೆಯ ಸುದ್ದಿ. ಮೂವತ್ತೈದರ ಮನುಷ್ಯನಿಗೆ ಇನ್ನೊಂದು ಆಪರೇಷನ್ ಬಹುತೇಕ ಕಾದಿದೆ ಎಂದು ಅರ್ಥ.

ಇಲ್ಲಿ ಹೇಳಹೊರಟಿರುವುದು ಅಂಥ ಒಬ್ಬರ ವಿಷಯ. ಅಡಿಕೆ ಬೆಳೆಗಾರರು, ಐವತ್ತರ ಮೇಲಿನ ವಯಸ್ಸು. ಎವಿಎನ್‌ನಿಂದಾಗಿ ತೊಂಬತ್ತರ ದಶಕದ ಕೊನೆಯಲ್ಲಿ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಎರಡೂ ಕಡೆಯ ಕೀಲುಗಳನ್ನು ಬದಲಿಸಿಕೊಂಡಿದ್ದರು. ತೋಟ ಸುತ್ತಿದರು, ಬೈಕ್ ಓಡಿಸಿದರು, ಮಕ್ಕಳ ಮದುವೆ ಮಾಡಿದರು. ಚೆನ್ನಾಗಿದ್ದ ಕಾರಣಕ್ಕೇ ಹತ್ತಾರು ವರ್ಷ ಯಾರಿಗೂ ತೋರಿಸಿರಲಿಲ್ಲ. ಈಗ ಬಲಗಡೆ ತೊಡೆಸಂದು ಹಿಡಿಯತೊಡಗಿತ್ತು.

ನೋವಿನ ಚರಿತ್ರೆ ಕೇಳಿದರೆ ಕಾರಣದ ಅರ್ಧ ತಿಳಿಯುತ್ತದೆ. ಮೊದಲ ಆಪರೇಷನ್ ಆದ ದಿನದಿಂದಲೂ ನೋವು ಪೂರ್ತಿ ಹೋಗಲೇ ಇಲ್ಲ ಎಂದರೆ ಎರಡು ಅನುಮಾನ: ಒಂದು ಸೋಂಕು, ಇನ್ನೊಂದು ಕೀಲು ಮೂಳೆಯನ್ನು ಹಿಡಿಯಲೇ ಇಲ್ಲ ಎಂಬುದು. ಸಿಮೆಂಟ್ ಇಲ್ಲದೆ ಕೂರಿಸುವ ಕೀಲಿನ ಒರಟು ಮೈಯೊಳಕ್ಕೆ ಮೂಳೆ ಬೆಳೆಯಬೇಕಾದರೆ ಮೊದಲ ವಾರಗಳಲ್ಲಿ ಅದು ಅಲುಗಾಡಬಾರದು. ಅಲುಗಾಟ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಾಟಿದರೆ ಮೂಳೆಯ ಬದಲು ನಾರಿನಂಥ ಮೆತ್ತನೆಯ ಪೊರೆ ಬೆಳೆಯುತ್ತದೆ. ಹಸಿ ಮಣ್ಣಿನಲ್ಲಿ ಅಳ್ಳಕವಾಗಿ ನೆಟ್ಟ ಬೇಲಿಗೂಟದ ಸುತ್ತ ಮಣ್ಣು ಎಂದೂ ಬಿಗಿಯದಂತೆ, ಆ ಪೊರೆ ಆಮೇಲೆ ಮೂಳೆಯಾಗುವುದಿಲ್ಲ. ಹಿಡಿದದ್ದು ಬಿಡುವುದು ಬೇರೆ, ಮೊದಲೇ ಹಿಡಿಯದಿರುವುದು ಬೇರೆ. ಇವರಿಗೆ ಬಹುಕಾಲ ನೋವೇ ಇರಲಿಲ್ಲವಾದ್ದರಿಂದ ಹಿಡಿದದ್ದು ಬಿಟ್ಟಿದೆ ಎಂಬ ಲೆಕ್ಕಕ್ಕೆ ಬಂದೆ.

ಹಾಗೆಂದು ಸೋಂಕನ್ನು ಪಟ್ಟಿಯಿಂದ ಬಿಡುವಂತಿಲ್ಲ. ಜ್ವರ, ಕೀವು, ಕೆಂಪಗಾಗುವುದು ಇವೆಲ್ಲ ಇದ್ದೇ ಇರಬೇಕೆಂದಿಲ್ಲ. ಚರ್ಮದ ಮೇಲೆ ಸಾಧುವಾಗಿ ಬದುಕುವ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್‌ನಂಥ ಬ್ಯಾಕ್ಟೀರಿಯಾ ಲೋಹದ ಮೇಲೆ ಲೋಳೆಪದರ ಕಟ್ಟಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸುತ್ತೇನೆ, ಎಕ್ಸ್-ರೇ ನೆರವಿನಿಂದ ಸೂಜಿ ಹಾಕಿ ಕೀಲಿನ ದ್ರವ ತೆಗೆಯುತ್ತೇನೆ. ನಮ್ಮಲ್ಲಿ ಇದಕ್ಕೆ ದೊಡ್ಡ ಅಡ್ಡಿ ಎಂದರೆ ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಆ್ಯಂಟಿಬಯಾಟಿಕ್. ನೋವೆಂದು ಐದು ದಿನ ಮಾತ್ರೆ ನುಂಗಿ ಬಂದವರ ದ್ರವದಲ್ಲಿ ಏನೂ ಬೆಳೆಯುವುದಿಲ್ಲ. ಸೋಂಕಿಲ್ಲವೆಂದು ನಂಬಿ ಹೊಸ ಕೀಲು ಕೂರಿಸಿದರೆ ಅದೂ ಕೆಡುತ್ತದೆ. ಹಾಗಾಗಿ ಕನಿಷ್ಠ ಎರಡು ವಾರ ಮಾತ್ರೆ ನಿಲ್ಲಿಸಿಯೇ ದ್ರವ ತೆಗೆಯುವುದು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ 14 ದಿನ ಇಡಿಸುವುದು ನನ್ನ ಪದ್ಧತಿ. ರೋಗಿಗಳಿಗೆ ಈ ಕಾಯುವಿಕೆ ಹಿಡಿಸುವುದಿಲ್ಲ. ಆದರೆ ಸಡಿಲಾದ ಕೀಲು ತುರ್ತು ಪರಿಸ್ಥಿತಿಯಲ್ಲ. ಕಾರಣ ಗೊತ್ತಿಲ್ಲದೆ ಬಿಚ್ಚುವುದೇ ಅಪಾಯ. ಸೋಂಕು ಖಚಿತವಾದರೆ ದಾರಿಯೇ ಬೇರೆಯಾಗುತ್ತದೆ. ಹಳೆಯದನ್ನೆಲ್ಲ ತೆಗೆದು ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ಸೋಂಕು ಹೋದ ಮೇಲೆ ಹೊಸದು ಕೂರಿಸಬೇಕಾಗಬಹುದು. ಇವರ ಪರೀಕ್ಷೆಗಳೆಲ್ಲ ಸ್ವಚ್ಛವಾಗಿದ್ದವು.

ಉಳಿದದ್ದು ಎಕ್ಸ್-ರೇ. "ಹಳೆಯದು ಏನಿದೆಯೋ ಎಲ್ಲ ತನ್ನಿ" ಎಂದಿದ್ದೆ. ಅವರ ಮನೆಯವರು ಬೀರುವಿನಲ್ಲಿ ಜಮೀನಿನ ಪಹಣಿಯ ಜತೆ ಇಟ್ಟಿದ್ದ ಲಕೋಟೆ ತಂದರು. ಅಂಚು ಹಳದಿಗಟ್ಟಿದ ಮೊದಲ ಫಿಲ್ಮ್ ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಎಂಥ ಸ್ಕ್ಯಾನಿಂಗ್ ಯಂತ್ರವೂ ಕೊಡಲಾರದ ಮಾಹಿತಿಯನ್ನು ಆಪರೇಷನ್ ಆದ ವಾರದ ಒಂದು ಫಿಲ್ಮ್ ಕೊಡುತ್ತದೆ. ಹೊಸತರಲ್ಲಿ ಸ್ಟೆಮ್‌ನ ತುದಿಯ ಚೆಂಡು ಬಟ್ಟಲಿನ ನಟ್ಟನಡುವೆ ಇರುತ್ತದೆ. ಪ್ಲಾಸ್ಟಿಕ್ ಒಳಪದರ, ಅಂದರೆ ಲೈನರ್ ಸವೆದಂತೆ ಚೆಂಡು ಮೇಲಕ್ಕೆ ಸರಿಯುತ್ತದೆ. ಚೆಂಡಿನ ವ್ಯಾಸ 28 ಮಿ.ಮೀ. ಎಂದು ಗೊತ್ತಿದ್ದರೆ ಫಿಲ್ಮಿನ ಮೇಲೆ ಅದೇ ಅಳತೆಗೋಲು. ಫಿಲ್ಮಿನಲ್ಲಿ ಚಿತ್ರ ಹಿಗ್ಗಿದ ಪ್ರಮಾಣವನ್ನು ಅದರಿಂದಲೇ ಕಳೆಯಬಹುದು. ಮೊದಲ ಫಿಲ್ಮಿನಲ್ಲಿ ಬಟ್ಟಲಿನ ಅಂಚಿಗೂ ಚೆಂಡಿಗೂ ನಡುವೆ ಮೇಲೆ ಕೆಳಗೆ ಒಂದೇ ಅಂತರ. ಹೊಸದರಲ್ಲಿ ಮೇಲುಗಡೆ ಚೆಂಡು ಲೋಹಕ್ಕೆ ತಾಗುವಷ್ಟು ಹತ್ತಿರ. ವರ್ಷಕ್ಕೆ 0.1 ಮಿ.ಮೀ.ಗಿಂತ ಕಡಿಮೆ ಸವೆದರೆ ಮೂಳೆ ಕರಗುವುದು ಅಪರೂಪ ಎಂಬುದು ನಮ್ಮ ವೃತ್ತಿಯಲ್ಲಿ ಒಪ್ಪಿತವಾದ ಗಡಿ. ಇವರ ಬಲಗಡೆಯದು ಅದನ್ನು ಎಂದೋ ದಾಟಿತ್ತು. ಬಟ್ಟಲಿನ ಹಿಂದೆ ಮೂಳೆಯಲ್ಲಿ ಕಪ್ಪು ಗೂಡುಗಳು, ಮುರಿದ ಒಂದು ಸ್ಕ್ರೂ, ಬಟ್ಟಲೇ ಓರೆಯಾಗಿ ಮೇಲಕ್ಕೆ ಸರಿದಿತ್ತು.

ಸವೆದದ್ದು ಪ್ಲಾಸ್ಟಿಕ್, ಕರಗಿದ್ದು ಮೂಳೆ. ಇದು ಹೇಗೆ ಎಂದು ಅವರು ಕೇಳಿದರು. ಅದು ಬಹಳ ಕಾಲ ವೈದ್ಯರಿಗೂ ಬಗೆಹರಿಯದ ಪ್ರಶ್ನೆಯಾಗಿತ್ತು. ಆಧುನಿಕ ಸೊಂಟದ ಕೀಲನ್ನು ರೂಪಿಸಿದ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಮೊದಲು ಟೆಫ್ಲಾನ್ ಬಟ್ಟಲು ಬಳಸಿದರು. ಕೆಲವೇ ವರ್ಷಗಳಲ್ಲಿ ಅವು ಸವೆದು, ಸುತ್ತ ಗಡ್ಡೆಯಂಥ ಊತಕ ಬೆಳೆದು ಸಡಿಲಾದವು. ಅವರು ಟೆಫ್ಲಾನಿನ ತುಣುಕನ್ನು ತಮ್ಮದೇ ತೊಡೆಯೊಳಗೆ ಇಟ್ಟುಕೊಂಡು ದೇಹ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ಪರೀಕ್ಷಿಸಿದರು. 1962ರಲ್ಲಿ ಪಾಲಿಎಥಿಲೀನ್ ಬಟ್ಟಲಿಗೆ ಬದಲಾಯಿಸಿದರು. ಆ ಮೇಲೆ ಈ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು. ಆದರೂ ವರ್ಷಗಳು ಕಳೆದ ಮೇಲೆ ಮೂಳೆ ಕರಗುವುದು ಕಾಣಿಸತೊಡಗಿತು. ಮೂಳೆಗೆ ಅಂಟಿಸುವ ಸಿಮೆಂಟೇ ಕಾರಣವೆಂದು ತಿಳಿದು ಎಂಬತ್ತರ ದಶಕದಲ್ಲಿ ಅದನ್ನು ಸಿಮೆಂಟ್ ಕಾಯಿಲೆ ಎಂದರು. ಸಿಮೆಂಟ್ ಬಿಟ್ಟು ಕೂರಿಸಿದ ಕೀಲುಗಳಲ್ಲೂ ಅದೇ ಆಯಿತು. ಆಗ ಬೆರಳು ಪ್ಲಾಸ್ಟಿಕ್ಕಿನ ಕಡೆ ತಿರುಗಿತು.

ಹಳೆಯ ಪಾಲಿಎಥಿಲೀನ್ ಹೆಜ್ಜೆಗೆ ಲಕ್ಷಗಟ್ಟಲೆ ಕಣ ಉದುರಿಸುತ್ತದೆ ಎಂಬ ಅಂದಾಜಿದೆ. ಅನೇಕ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು. ಬ್ಯಾಕ್ಟೀರಿಯಾವನ್ನು ನುಂಗಿ ಕರಗಿಸುವ ಮ್ಯಾಕ್ರೋಫೇಜ್ ಕೋಶಗಳು ಇವನ್ನೂ ನುಂಗುತ್ತವೆ, ಆದರೆ ಪ್ಲಾಸ್ಟಿಕ್ ಕರಗುವುದಿಲ್ಲ. ಕೆರಳಿದ ಕೋಶ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ, ಅವು ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಎಬ್ಬಿಸುತ್ತವೆ. ದೇಹ ತನ್ನ ಮೂಳೆಯನ್ನು ತಾನೇ ತಿನ್ನುತ್ತದೆ, ಅದೂ ನೋವಿಲ್ಲದೆ. ನನ್ನನ್ನು ಅತಿ ಹೆಚ್ಚು ಕಾಡುವುದು ಈ ನೋವಿಲ್ಲದಿರುವಿಕೆಯೇ. ಬಟ್ಟಲು ಗಟ್ಟಿಯಾಗಿ ಕೂತಿರುವವರೆಗೆ ಅದರ ಹಿಂದೆ ಲಿಂಬೆಹಣ್ಣಿನ ಗಾತ್ರದ ಗೂಡಾದರೂ ಮನುಷ್ಯ ಆರಾಮವಾಗಿ ನಡೆಯುತ್ತಾನೆ. ನೋವು ಶುರುವಾಗುವ ಹೊತ್ತಿಗೆ ಹೊಸ ಬಟ್ಟಲು ಕೂರಿಸಲು ಬೇಕಾದ ಮೂಳೆಯೇ ಉಳಿದಿರುವುದಿಲ್ಲ.

ಆ ಕಾಲದ ಲೈನರ್‌ಗಳಿಗೆ ಇನ್ನೊಂದು ದೋಷವೂ ಇತ್ತು. ಅವನ್ನು ಗಾಳಿಯ ಸಂಪರ್ಕದಲ್ಲೇ ಗಾಮಾ ವಿಕಿರಣದಿಂದ ಕ್ರಿಮಿಶುದ್ಧಿ ಮಾಡುತ್ತಿದ್ದುದರಿಂದ ಪ್ಲಾಸ್ಟಿಕ್ ಉತ್ಕರ್ಷಣಗೊಂಡು ಪೆಡಸಾಗುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ಬಂದ ಅಣುಸರಪಳಿಗಳ ನಡುವೆ ಹೆಚ್ಚು ಅಡ್ಡಬಂಧಗಳಿರುವ ಪಾಲಿಎಥಿಲೀನ್ ಬಹಳ ಕಡಿಮೆ ಸವೆಯುತ್ತದೆ. ಈಚೆಗೆ ಕೀಲು ಹಾಕಿಸಿಕೊಂಡವರು ಇವರ ಕಥೆ ಓದಿ ಗಾಬರಿಯಾಗಬೇಕಿಲ್ಲ. ಪ್ಲಾಸ್ಟಿಕ್ಕೇ ಬೇಡವೆಂದು ಲೋಹದ ಬಟ್ಟಲಿನಲ್ಲಿ ಲೋಹದ ಚೆಂಡು ತಿರುಗಿಸಿದ ಪ್ರಯೋಗವೂ ನಡೆಯಿತು. ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿ, ಕೀಲಿನ ಸುತ್ತಲಿನ ಸ್ನಾಯು ಕೊಳೆತವರೂ ಇದ್ದರು. ಅಂಥ ಎಎಸ್‌ಆರ್ ಕೀಲನ್ನು ಡಿಪ್ಯೂ ಕಂಪನಿ 2010ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ನಮ್ಮ ದೇಶದ ರೋಗಿಗಳ ಪರಿಹಾರದ ಸೂತ್ರ ಸಿದ್ಧವಾಗಲು 2018 ಆಗಬೇಕಾಯಿತು. ಆ ವಿಳಂಬ ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಪರೇಷನ್‌ಗೆ ಮುಂಚಿನ ದೊಡ್ಡ ಕೆಲಸ ಒಳಗೆ ಯಾವ ಕೀಲು ಇದೆ ಎಂದು ಪತ್ತೆ ಹಚ್ಚುವುದು. ಪ್ರತಿ ಭಾಗದ ಪೊಟ್ಟಣದಲ್ಲೂ ಕಂಪನಿ, ಅಳತೆ, ಲಾಟ್ ಸಂಖ್ಯೆಯ ಸ್ಟಿಕರ್ ಬರುತ್ತದೆ. ಇವರ ಡಿಸ್ಚಾರ್ಜ್ ಕಾಗದದಲ್ಲಿ ಕೀಲು ಬದಲಿಸಲಾಗಿದೆ ಎಂಬ ಒಂದೇ ಸಾಲಿತ್ತು. ಸ್ಟೆಮ್ ಗಟ್ಟಿಯಾಗಿದ್ದರೆ ಅದನ್ನು ಹಾಗೇ ಉಳಿಸಿಕೊಂಡು ಬಟ್ಟಲು, ಚೆಂಡು ಮಾತ್ರ ಬದಲಿಸಬಹುದು. ಆದರೆ ಹೊಸ ಚೆಂಡು ಹಳೆಯ ಸ್ಟೆಮ್‌ನ ಕುತ್ತಿಗೆಗೆ ಸರಿಯಾಗಿ ಕೂರಬೇಕು. ಆ ಕುತ್ತಿಗೆಯ ಇಳಿಜಾರು ಎಲ್ಲ ಕಂಪನಿಗಳದ್ದೂ ಒಂದೇ ಅಲ್ಲ. ಎಕ್ಸ್-ರೇಯಲ್ಲಿನ ಆಕಾರ ನೋಡಿ ಕಂಪನಿಯನ್ನು ಗುರುತಿಸಿ, ಹೊಂದುವ ಚೆಂಡುಗಳನ್ನು ತರಿಸಿದೆ. ಸ್ಟೆಮ್ ತೆಗೆಯಬೇಕಾಗಿ ಬಂದರೆಂದು ಉದ್ದನೆಯ ಸ್ಟೆಮ್, ತೊಡೆಮೂಳೆಯನ್ನು ಕಿಟಕಿಯಂತೆ ಸೀಳಿ ತೆರೆಯುವ ಸಲಕರಣೆ, ಮತ್ತೆ ಬಿಗಿಯುವ ತಂತಿ ಎಲ್ಲವೂ ಥಿಯೇಟರಿನಲ್ಲಿದ್ದವು. ಲೋಹದ ಮಸುಕನ್ನು ಕಡಿಮೆ ಮಾಡುವ ವಿಧಾನದ ಸಿಟಿ ಸ್ಕ್ಯಾನ್ ಮೂಳೆಯ ನಷ್ಟ ಎಷ್ಟೆಂದು ತೋರಿಸಿತ್ತು. ಎಕ್ಸ್-ರೇ ಅದನ್ನು ಯಾವಾಗಲೂ ಕಡಿಮೆ ಮಾಡಿಯೇ ತೋರಿಸುತ್ತದೆ.

ಹಳೆಯ ಗಾಯದ ಗುರುತಿನ ಮೇಲೆಯೇ ತೆರೆದೆವು. ಕೀಲಿನೊಳಗೆ ಕೀವಿರಲಿಲ್ಲ, ಬೂದು ಮಿಶ್ರಿತ ಹಳದಿ ಬಣ್ಣದ ಗಿಣ್ಣಿನಂಥ ಊತಕ ತುಂಬಿತ್ತು. ಐದು ಜಾಗಗಳಿಂದ, ಪ್ರತಿಸಲ ಬೇರೆ ಚಿಮಟ ಬಳಸಿ, ಮಾದರಿ ತೆಗೆದೆವು. ಒಂದೇ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದು ಹೊರಗಿನಿಂದ ಸೇರಿದ್ದಿರಬಹುದು, ಎರಡು ಮೂರರಲ್ಲಿ ಒಂದೇ ಜಾತಿಯದು ಬೆಳೆದರೆ ನಂಬಲೇಬೇಕು. ಲೈನರ್ ಕೈಗೆ ಬಂದಾಗ ಮೇಲುಭಾಗ ಕಾಗದದಷ್ಟು ತೆಳುವಾಗಿ ಒಂದೆಡೆ ಸೀಳಿತ್ತು. ಬಟ್ಟಲು ಹೆಚ್ಚು ಶ್ರಮವಿಲ್ಲದೆ ಹೊರಬಂತು. ಹಿಡಿತವಿರುವ ಬಟ್ಟಲನ್ನು ತೆಗೆಯಲು ಬಾಗಿದ ಅಲಗನ್ನು ಸುತ್ತಲೂ ಇಳಿಸಿ ಮೂಳೆ ಉಳಿಸುತ್ತ ಬಿಡಿಸಬೇಕು. ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಸ್ಟೆಮ್ ಅನ್ನು ಹಿಡಿದು ತಿರುಚಿ, ತಟ್ಟಿ ನೋಡಿದೆ. ಒಂದು ಕೂದಲೆಳೆಯೂ ಕದಲಲಿಲ್ಲ. ಹಾಗೆ ಹಿಡಿದಿರುವ ಸ್ಟೆಮ್ ಕೀಳಲು ಹೋದರೆ ಒಳ್ಳೆಯ ಮೂಳೆ ಹಾಳಾಗುತ್ತದೆ. ಅದನ್ನು ಮುಟ್ಟಲಿಲ್ಲ.

ಗೂಡುಗಳನ್ನು ಕೆರೆದು ರಕ್ತ ಜಿನುಗುವ ಮೂಳೆ ಕಾಣುವವರೆಗೆ ಶುಚಿ ಮಾಡುವುದು ತಾಳ್ಮೆಯ ಕೆಲಸ, ಹೆಚ್ಚು ಹೊತ್ತು ಹಿಡಿದದ್ದೂ ಅದೇ. ಅಲ್ಲಿಗೆ ಮೂಳೆ ಬ್ಯಾಂಕಿನಿಂದ ತಂದ ಮೂಳೆಚೂರುಗಳನ್ನು ಒತ್ತಿ ತುಂಬಿದೆವು. ಇವು ಕೀಲು ಬದಲಿಸಿಕೊಂಡ ಬೇರೆಯವರು ದಾನವಾಗಿ ಕೊಟ್ಟ ತೊಡೆಮೂಳೆಯ ತಲೆಗಳು. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯ ನಂತರ ಅತಿಶೀತದಲ್ಲಿ ಇಟ್ಟಿರುತ್ತಾರೆ. ಅದರ ಮೇಲೆ ಟ್ಯಾಂಟಲಂ ಲೋಹದ, ಸ್ಪಂಜಿನಂತೆ ರಂಧ್ರಗಳುಳ್ಳ ದೊಡ್ಡ ಬಟ್ಟಲು. ತುಂಬಿದ ಮೂಳೆಚೂರಿನ ಮೇಲೆ ಬಟ್ಟಲು ನಿಲ್ಲುವುದಿಲ್ಲ, ರೋಗಿಯ ಸ್ವಂತ ಮೂಳೆಯೇ ಅದನ್ನು ಹೊರಬೇಕು. ಹಾಗಾಗಿ ಎಲ್ಲಿ ಎಷ್ಟು ಗಟ್ಟಿ ಮೂಳೆ ತಾಗುತ್ತಿದೆ ಎಂದು ಮತ್ತೆ ಮತ್ತೆ ನೋಡಿಕೊಂಡೆ. ಸ್ಕ್ರೂಗಳನ್ನು ಹಿಂದಿನ ಮೇಲುಭಾಗದಲ್ಲೇ ಹಾಕಿದ್ದು. ಮುಂದಿನ ಮೇಲುಭಾಗದ ಮೂಳೆಯಾಚೆ ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿರುತ್ತವೆ, ಅಲ್ಲಿಗೆ ಡ್ರಿಲ್ ಹೋಗಬಾರದು. ಹೊಸ ಕಾಲದ ಲೈನರ್, ಹಳೆಯ ಕುತ್ತಿಗೆಗೆ ಟೈಟಾನಿಯಂ ತೋಳು ತೊಡಿಸಿ ಅದರ ಮೇಲೆ 36 ಮಿ.ಮೀ. ಸೆರಾಮಿಕ್ ಚೆಂಡು. ಎರಡನೇ ಆಪರೇಷನ್ ಆದವರಲ್ಲಿ ಕೀಲು ತಪ್ಪುವ ಅಪಾಯ ಹೆಚ್ಚು, ದೊಡ್ಡ ಚೆಂಡು ಅದನ್ನು ತಗ್ಗಿಸುತ್ತದೆ.

ಮಾದರಿಗಳಲ್ಲಿ ಏನೂ ಬೆಳೆಯಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಧ್ರುವೀಕೃತ ಬೆಳಕು ಹಾಯಿಸಿದಾಗ ಕೋಶಗಳೊಳಗೆ ಪ್ಲಾಸ್ಟಿಕ್ ಚೂರುಗಳು ಮಿನುಗಿದವು. ಪೆಥಾಲಜಿಯ ಸಹೋದ್ಯೋಗಿ ಕರೆದು ತೋರಿಸಿದರು. ಆರು ವಾರ ವಾಕರ್ ಹಿಡಿದು ಅರ್ಧ ಭಾರ ಹಾಕಿ ನಡೆಸಿದೆವು, ಆಮೇಲೆ ಕೋಲು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲು ಎರಡನ್ನೂ ಬಿಡಿಸಿದ್ದೇನೆ. ಈ ಸಲದ ಸ್ಟಿಕರ್‌ಗಳೆಲ್ಲ ಅವರ ಕಡತದಲ್ಲಿವೆ, ಮಗನ ಮೊಬೈಲಿನಲ್ಲಿ ಅದರ ಚಿತ್ರವೂ ಇದೆ.

ಎಡಗಡೆಯಲ್ಲಿರುವುದೂ ಅದೇ ಕಾಲದ ಕೀಲು. ಅಲ್ಲಿ ನೋವಿಲ್ಲ, ಬಟ್ಟಲು ಭದ್ರವಾಗಿದೆ. ಆದರೆ ಚೆಂಡು ಮೇಲಕ್ಕೆ ಸರಿದಿದೆ, ಸಿಟಿಯಲ್ಲಿ ಬಟ್ಟಲಿನ ಹಿಂದೆ ಚಿಕ್ಕ ಗೂಡು ಕಾಣುತ್ತಿದೆ. ಈಗಲೇ ಲೈನರ್ ಮತ್ತು ಚೆಂಡು ಬದಲಿಸಿ ಗೂಡು ತುಂಬಿದರೆ ಬಟ್ಟಲನ್ನು ಮುಟ್ಟಬೇಕಾಗಿಲ್ಲ; ಬಲಗಡೆ ಮಾಡಿದ್ದರ ಕಾಲುಭಾಗದಷ್ಟು ಕೆಲಸ. "ನೋವೇ ಇಲ್ಲದ್ದನ್ನು ಯಾಕೆ ಬಿಚ್ಚಿಸಬೇಕು ಡಾಕ್ಟರೇ?" ಎಂದು ಅವರ ಮನೆಯವರು ಕೇಳಿದರು. ಎರಡೂ ಕಡೆಯ ಫಿಲ್ಮುಗಳನ್ನು ಒಟ್ಟಿಗೆ ಬೆಳಕಿಗೆ ಹಿಡಿದು ತೋರಿಸಿದೆ. ಅಡಿಕೆ ಕೊಯ್ಲು ಮುಗಿಸಿಕೊಂಡು ಬರುತ್ತೇವೆ ಎಂದಿದ್ದಾರೆ. ಅಷ್ಟು ತಿಂಗಳು ಕಾಯಬಹುದು. ಮಧ್ಯೆ ಒಂದು ಎಕ್ಸ್-ರೇ ತೆಗೆಸಿ ಕಳುಹಿಸಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.