ಹಡಗು ಹತ್ತುವ ದಿನ ಬೇಗ ಹೋಗುವ ಲೆಕ್ಕ: ಸಿಂಗಪುರದಲ್ಲಿ ನನ್ನ ಅನುಭವ

ದಾವಣಗೆರೆಯಿಂದ ಸಿಂಗಪುರಕ್ಕೆ ಕ್ರೂಸ್ (ಹಡಗಿನ ವಿಹಾರ) ಗುಂಪುಗಳನ್ನು ಕರೆದೊಯ್ಯುವುದು ನನ್ನ ಕೆಲಸ. ಒಂದು ಗುಂಪಿನಲ್ಲಿ ಇಪ್ಪತ್ತೈದರ ಆಸುಪಾಸು ಜನ. ಹೆಚ್ಚಿನವರು ಅರವತ್ತು ದಾಟಿದವರು, ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದವರು. ಹಡಗು ಹತ್ತುವ ದಿನ ಬೆಳಿಗ್ಗೆ ಹತ್ತೂವರೆಗೆ ಬಂದರಿನಲ್ಲಿ ಇರಬೇಕು, ಅದಕ್ಕಾಗಿ ಹಿಂದಿನ ದಿನವೇ ಸಿಂಗಪುರದಲ್ಲಿ ಇಳಿದಿರಬೇಕು ಎಂದು ನಾನು ಹೇಳತೊಡಗಿದಾಗ ನಮ್ಮ ವೃತ್ತಿಯವರು ಯಾರೂ ಒಪ್ಪಲಿಲ್ಲ. ಹುಬ್ಬಳ್ಳಿಯ ಹಿರಿಯ ಸಂಘಟಕರೊಬ್ಬರು, ‘ರಾತ್ರಿ ವಿಮಾನದಲ್ಲಿ ಕರೆದೊಯ್ದು ಅವತ್ತೇ ಹಡಗು ಹತ್ತಿಸಿದರೆ ಒಂದು ದಿನದ ಹೋಟೆಲ್ ಬಾಡಿಗೆ ಉಳಿಯುತ್ತದಲ್ಲ ತಮ್ಮಾ, ಬಂದ ಲಾಭವನ್ನು ಯಾಕೆ ಸಮುದ್ರಕ್ಕೆ ಸುರಿಯುತ್ತೀ?’ ಎಂದರು. ಹೋದ ವರ್ಷ ಅವರೇ ಫೋನು ಮಾಡಿ ನನ್ನ ಕ್ರಮವನ್ನು ವಿವರವಾಗಿ ಕೇಳಿಕೊಂಡರು. ಈಗ ಬರೆದೇ ಬಿಡೋಣ ಎನಿಸಿತು.

ವೀಸಾ, ವೆಬ್ ಚೆಕ್-ಇನ್, ಲಗೇಜ್ ಚೀಟಿ ಇವೆಲ್ಲ ನಿಮಗೆ ಗೊತ್ತಿರುವ ವಿಷಯ. ನೇರವಾಗಿ ಕೆಟ್ಟುಹೋದ ದಿನಗಳಿಗೆ ಬರುತ್ತೇನೆ.

ಎಲ್ಲರೂ ಮಾಡುವ ಏರ್ಪಾಟು ಹೀಗಿರುತ್ತದೆ. ಬೆಂಗಳೂರಿನಿಂದ ರಾತ್ರಿ ಹನ್ನೊಂದರ ಸುಮಾರಿಗೆ ವಿಮಾನ, ಪ್ರಯಾಣ ನಾಲ್ಕೂವರೆ ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ಇಳಿಯುವಾಗ ಬೆಳಿಗ್ಗೆ ಆರು. ನಡುವೆ ನಿದ್ದೆ ಮೂರು ಗಂಟೆ ಸಿಕ್ಕಿದರೆ ಪುಣ್ಯ. ಹಡಗು ಹೊರಡುವುದು ಸಂಜೆ ನಾಲ್ಕೂವರೆ, ಐದಕ್ಕೆ. ಅಷ್ಟು ಹೊತ್ತು ಕಳೆಯಲು ಅರ್ಧ ದಿನದ ನಗರ ದರ್ಶನ. ಪೆಟ್ಟಿಗೆಗಳು ಬಸ್ಸಿನ ಹೊಟ್ಟೆಯಲ್ಲಿ, ಜನ ಸ್ನಾನವಿಲ್ಲದೆ, ಊದಿದ ಕಾಲುಗಳಲ್ಲಿ ಮೆರ್‌ಲಯನ್ ಎಂಬ ಸಿಂಹಮುಖದ ಮೀನಿನ ಪ್ರತಿಮೆಯ ಮುಂದೆ ಬಿಸಿಲಿಗೆ ನಿಂತಿರುತ್ತಾರೆ. ನನಗೆ ಆಗ ಬಸ್ಸಿಗೆ ಮುನ್ನೂರೈವತ್ತು ಡಾಲರಿನ ಹತ್ತಿರ, ಮಧ್ಯಾಹ್ನದ ಊಟಕ್ಕೆ ತಲೆಗೆ ಹದಿನಾಲ್ಕು ಡಾಲರ್ ಹೋಗುತ್ತಿತ್ತು. ಇಲ್ಲಿ ಡಾಲರ್ ಎಂದರೆಲ್ಲ ಸಿಂಗಪುರದ್ದು, ಆಗ ಒಂದಕ್ಕೆ ಅರವತ್ತೈದು ಅರವತ್ತಾರು ರೂಪಾಯಿ ಇತ್ತು.

ಒಂದು ಗುಂಪಿನ ವಿಮಾನ ಬೆಂಗಳೂರಿನಲ್ಲೇ ಐದು ಗಂಟೆಯ ಮೇಲೆ ತಡವಾಯಿತು. ಇಳಿಯುವಾಗ ಹನ್ನೊಂದು ದಾಟಿತ್ತು. ಇಮಿಗ್ರೇಷನ್ ಸಾಲು ಮುಗಿದು, ಪೆಟ್ಟಿಗೆ ಬಂದು, ಬಂದರು ತಲುಪುವಾಗ ಎರಡೂವರೆ. ಹಡಗು ತಪ್ಪಲಿಲ್ಲ ನಿಜ. ಆದರೆ ಆ ಎರಡು ಗಂಟೆ ನಾನು ಅನುಭವಿಸಿದ್ದು ನನಗೇ ಗೊತ್ತು. ಚೆಕ್-ಇನ್ ಬಾಗಿಲು ಹಡಗು ಹೊರಡುವುದಕ್ಕೆ ಬಹಳ ಮೊದಲೇ ಮುಚ್ಚುತ್ತದೆ, ತಡವಾಗಿ ಬಂದವರಿಗೆ ದುಡ್ಡು ವಾಪಸ್ ಇಲ್ಲ. ತಲೆಗೆ ನಲವತ್ತು ಸಾವಿರದಂತೆ ಇಪ್ಪತ್ತೈದು ಜನ, ಲೆಕ್ಕ ಹಾಕಿಕೊಳ್ಳಿ. ಹಡಗು ಮುಂದೆ ನಿಲ್ಲುವ ಮಲೇಷ್ಯಾದ ಪೆನಾಂಗಿಗೆ ವಿಮಾನ ಹಿಡಿದು ಅಲ್ಲಿ ಹಡಗು ಹತ್ತಿಸುವ ಮಾತೆಲ್ಲ ಇಬ್ಬರು ಗಂಡಹೆಂಡಿರಿಗೆ ಸರಿಹೋದೀತು, ಗುಂಪಿಗೆ ಆಗುವುದಿಲ್ಲ. ಅಂದು ನಮ್ಮ ಪೆಟ್ಟಿಗೆಗಳು ಕೋಣೆಗೆ ಬಂದದ್ದು ರಾತ್ರಿ ಒಂಬತ್ತಕ್ಕೆ. ಮೊದಲ ರಾತ್ರಿಯ ಊಟಕ್ಕೆಂದೇ ಹೊಸ ಸೀರೆ ತಂದಿದ್ದ ಹೆಂಗಸರು ಪ್ರಯಾಣದ ಬಟ್ಟೆಯಲ್ಲೇ ಕುಳಿತು ಉಂಡರು. ಒಬ್ಬ ತಾಯಿ ಅದನ್ನು ಊರಿಗೆ ಮರಳುವವರೆಗೂ ಹೇಳುತ್ತಿದ್ದರು, ಹೇಳುವುದರಲ್ಲಿ ನ್ಯಾಯವೂ ಇತ್ತು.

ಇನ್ನೊಂದು ಸಲ ಬಸ್ಸಿನ ಚಾಲಕ ನಮ್ಮನ್ನು ಬೇರೆಯೇ ಬಂದರಿಗೆ ಒಯ್ದ. ಸಿಂಗಪುರದಲ್ಲಿ ಕ್ರೂಸ್ ನಿಲ್ದಾಣ ಎರಡಿವೆ. ಹಾರ್ಬರ್‌ಫ್ರಂಟ್‌ನಲ್ಲಿ ಇರುವುದು ಸಿಂಗಪುರ ಕ್ರೂಸ್ ಸೆಂಟರ್, ದೊಡ್ಡ ಹಡಗುಗಳಿಗಾಗಿ 2012ರಲ್ಲಿ ತೆರೆದದ್ದು ಮರೀನಾ ಬೇ ಕ್ರೂಸ್ ಸೆಂಟರ್. ಬರಿಯ ‘ಕ್ರೂಸ್ ಸೆಂಟರ್’ ಎಂದರೆ ಕೆಲವು ಚಾಲಕರು ಹಾರ್ಬರ್‌ಫ್ರಂಟಿಗೇ ಹೊರಡುತ್ತಾರೆ. ಅಂದಿನಿಂದ ನಿಲ್ದಾಣದ ಪೂರ್ತಿ ಹೆಸರು ಮತ್ತು ಹಡಗಿನ ಹೆಸರನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಚಾಲಕರ ಕೈಗೇ ಕೊಡುತ್ತೇನೆ.

ಇಷ್ಟಾದ ಮೇಲೆ ವಿಮಾನವನ್ನು ಒಂದು ದಿನ ಹಿಂದಕ್ಕೆ ಸರಿಸಿದೆ. ಅದೇ ರಾತ್ರಿ ವಿಮಾನ, ಆದರೆ ಹಡಗಿನ ಹಿಂದಿನ ದಿನ ಬೆಳಿಗ್ಗೆ ಇಳಿಯುವುದು. ಪೆಟ್ಟಿಗೆಗಳನ್ನು ಹೋಟೆಲಿನಲ್ಲಿಟ್ಟು ಬರಿಗೈಯಲ್ಲಿ ನಗರ ದರ್ಶನ, ಸಂಜೆ ಸ್ನಾನ, ರಾತ್ರಿ ಪೂರ್ತಿ ನಿದ್ದೆ. ವಿಮಾನ ಆರು ಗಂಟೆ ತಡವಾದರೂ ಕಳೆದುಕೊಳ್ಳುವುದು ನಗರ ದರ್ಶನದ ಒಂದೆರಡು ಜಾಗ ಮಾತ್ರ.

ದುಡ್ಡಿನ ಲೆಕ್ಕ ಹೇಳುತ್ತೇನೆ, ಜಗಳವಿದ್ದದ್ದೇ ಅಲ್ಲಿ. ಕೋಣೆಗೆ ನೂರನಲವತ್ತು ಡಾಲರ್, ಇಬ್ಬರಿಗೆ ಹಂಚಿದರೆ ತಲೆಗೆ ಎಪ್ಪತ್ತು. ನಾಲ್ಕು ಸಾವಿರದ ಆರುನೂರು ರೂಪಾಯಿ ಹೆಚ್ಚಾಯಿತು. ಆದರೆ ಹಡಗು ಹತ್ತುವ ದಿನದ ಮಧ್ಯಾಹ್ನದ ಊಟ ಹಡಗಿನಲ್ಲೇ ಆಗುವುದರಿಂದ ಹದಿನಾಲ್ಕು ಡಾಲರ್ ಉಳಿಯಿತು. ಪೆಟ್ಟಿಗೆ ಹೊರದ ಬಸ್ಸು ಚಿಕ್ಕದಾಗಿದ್ದರೆ ಸಾಕು, ಅದರಲ್ಲಿ ಸ್ವಲ್ಪ ಉಳಿಯಿತು. ಬಂದರಿಗೆ ಹೋಗಲು ಬಸ್ಸನ್ನೇ ಕೈಬಿಟ್ಟೆ, ಅದರಲ್ಲಿ ಇನ್ನಷ್ಟು. ಒಟ್ಟು ಉಳಿತಾಯ ಇಪ್ಪತ್ತು ಡಾಲರಿನ ಹತ್ತಿರ. ನಿಜವಾಗಿ ಏರಿದ್ದು ತಲೆಗೆ ಮೂರು ಸಾವಿರದ ಮುನ್ನೂರರಷ್ಟು. ಮೊದಲ ಗುಂಪಿಗೆ ಎರಡೂವರೆ ಸಾವಿರ ಮಾತ್ರ ಏರಿಸಿ ಉಳಿದದ್ದನ್ನು ಕೈಯಿಂದ ಹಾಕಿದೆ. ಎರಡನೆಯ ಗುಂಪಿನಿಂದ ಪೂರ್ತಿ ಹಚ್ಚಿದೆ, ಯಾರೂ ಚೌಕಾಸಿ ಮಾಡಲಿಲ್ಲ. ಹೋಗಿ ಬಂದವರೇ ಅಕ್ಕತಂಗಿಯರಿಗೆ, ಬೀಗರಿಗೆ ಹೇಳಿ ಮುಂದಿನ ಗುಂಪು ತುಂಬಿಸುತ್ತಿದ್ದಾರೆ.

ಬಂದರಿಗೆ ಹೊರಡುವ ದಿನ ಫೆರರ್ ಪಾರ್ಕ್ ಹತ್ತಿರ ಉಳಿದಿರುತ್ತೇವೆ. ಹೋಟೆಲಿನ ಹೆಸರು ಕೇಳಬೇಡಿ, ಅವರ ದರ ನನ್ನೊಂದಿಗೇ ಇರಲಿ. ಸೆರಂಗೂನ್ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂ.ಟಿ.ಆರ್. 2013ರಿಂದ ಇದೆ. ದೇವರ ದರ್ಶನ, ರವೆ ಇಡ್ಲಿ, ಕಾಫಿ ಆದ ಮೇಲೆ ಹಿರಿಯರ ಮುಖವೇ ಬೇರೆಯಾಗುತ್ತದೆ. ಒಂಬತ್ತೂವರೆಗೆ, ಕಚೇರಿಯವರ ನೂಕುನುಗ್ಗಲು ಇಳಿದ ಮೇಲೆ, ಮೆಟ್ರೊ. ಫೆರರ್ ಪಾರ್ಕ್‌ನಿಂದ ಎರಡನೆಯ ನಿಲ್ದಾಣ ಧೋಬಿ ಘಾಟ್, ಅಲ್ಲಿ ಗಾಡಿ ಬದಲಿಸಿದರೆ ನಾಲ್ಕನೆಯದು ಮರೀನಾ ಸೌತ್ ಪಿಯರ್, ನಮ್ಮ ಹಡಗು ನಿಲ್ಲುವ ಮರೀನಾ ಬೇ ಕ್ರೂಸ್ ಸೆಂಟರಿಗೆ ಹತ್ತಿರದ ನಿಲ್ದಾಣ. ಗಾಡಿಯ ಕೊನೆಯ ನಿಲ್ದಾಣವೇ ಅದು, ಮುಂದೆ ಹೋಗಿಬಿಡುವ ಭಯವಿಲ್ಲ. ಧೋಬಿ ಘಾಟ್‌ನಲ್ಲಿ ನಡಿಗೆ ಸ್ವಲ್ಪ ಉದ್ದ. ಮಂಡಿನೋವಿನವರನ್ನು ಮೊದಲೇ ಟ್ಯಾಕ್ಸಿಗೆ ಹತ್ತಿಸಿರುತ್ತೇನೆ. ಮೆಟ್ರೊ ಖರ್ಚು ತಲೆಗೆ ಎರಡು ಡಾಲರಿನೊಳಗೆ ಮುಗಿಯುತ್ತದೆ. ಪೆಟ್ಟಿಗೆಗಳು ಎಪ್ಪತ್ತು ಡಾಲರಿನ ವ್ಯಾನಿನಲ್ಲಿ ನನ್ನ ಸಹಾಯಕನ ಜೊತೆ ಬರುತ್ತವೆ.

ಹತ್ತೂವರೆಯೇ ಯಾಕೆ, ಎಂಟಕ್ಕೇ ಹೋದರೆ ಏನು ಎಂದು ಕೇಳುವವರಿದ್ದಾರೆ. ಅದನ್ನೂ ಮಾಡಿ ನೋಡಿದೆ. ಎಂಟೂವರೆಗೆ ಹೋದರೆ ಹಿಂದಿನ ಯಾನದ ಸಾವಿರಾರು ಜನ ಅದೇ ಹಡಗಿನಿಂದ ಇಳಿಯುತ್ತಿರುತ್ತಾರೆ. ಟ್ಯಾಕ್ಸಿ ಸಾಲು, ಬಸ್ಸು ಸಾಲು, ಎಲ್ಲ ಅವರದೇ. ಕೂರಲು ಜಾಗವಿಲ್ಲ, ಪೆಟ್ಟಿಗೆ ತೆಗೆದುಕೊಳ್ಳುವವರು ಇನ್ನೂ ಬಂದಿರುವುದಿಲ್ಲ. ಎರಡು ಗಂಟೆ ಕಂಬಕ್ಕೆ ಒರಗಿ ನಿಂತೆವು. ಹನ್ನೊಂದೂವರೆಯ ನಂತರ ಹೋದರೆ ಅವತ್ತೇ ವಿಮಾನ ಇಳಿದ ಗುಂಪುಗಳ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಹತ್ತೂಕಾಲರಿಂದ ಹನ್ನೊಂದರವರೆಗಿನ ಹೊತ್ತು ಕೈಗೆ ಸಿಕ್ಕಿದರೆ ಪೆಟ್ಟಿಗೆ ಮೊದಲ ರಾಶಿಯಲ್ಲಿ ಒಳಗೆ ಹೋಗುತ್ತದೆ. ಹಾಗೆ ಹೋದದ್ದು ನಮಗೆ ಮಧ್ಯಾಹ್ನ ಮೂರು, ನಾಲ್ಕಕ್ಕೆ ಕೋಣೆಯ ಬಾಗಿಲಲ್ಲಿ ಸಿಕ್ಕಿದೆ.

ಚೆಕ್-ಇನ್ ಸಮಯದ ಚೀಟಿಯನ್ನು ಪ್ರತಿ ಕೋಣೆಗೂ ಬೇರೆಬೇರೆಯಾಗಿ ಆರಿಸಬೇಕು, ಮೊದಲ ಹೊತ್ತಿನವು ಬೇಗ ಮುಗಿದುಹೋಗುತ್ತವೆ. ಹದಿಮೂರು ಕೋಣೆಗೂ ಅದೇ ಹೊತ್ತು ಹೇಗೆ ಹಿಡಿಯುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನಾನು ಬಹಳ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಹಿಂದಿನ ರಾತ್ರಿ ಹೋಟೆಲಿನಲ್ಲಿ ಪೆಟ್ಟಿಗೆ ತಪಾಸಣೆ ಕಡ್ಡಾಯ. ವಿದ್ಯುತ್ ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಹಡಗಿನವರು ಪೆಟ್ಟಿಗೆ ತಡೆದು ಯಜಮಾನರನ್ನು ಕರೆಸುತ್ತಾರೆ, ಬೇಗ ಬಂದ ಲಾಭವೆಲ್ಲ ಅಲ್ಲೇ ಸೋರಿಹೋಗುತ್ತದೆ. ನಮ್ಮ ಕಡೆಯವರ ಪೆಟ್ಟಿಗೆಯಲ್ಲಿ ಕೆಟಲ್ ಇದ್ದೇ ಇರುತ್ತದೆ. ಜರ್ದಾ, ಗುಟ್ಕಾಗಳನ್ನು ಬೆಂಗಳೂರಿನಲ್ಲೇ ಬಿಡಿಸುತ್ತೇನೆ, ಸಿಂಗಪುರದಲ್ಲಿ ಅಗಿಯುವ ತಂಬಾಕಿಗೆ ನಿಷೇಧವಿದೆ.

ಒಳಗೆ ಕಾಲಿಟ್ಟ ತಕ್ಷಣ ಊಟಕ್ಕೆ ಓಡಿಸುವುದಿಲ್ಲ. ಸುರಕ್ಷತಾ ತಾಲೀಮು ಮೊದಲು. ಕೋವಿಡ್ ನಂತರ ಅನೇಕ ಹಡಗುಗಳಲ್ಲಿ ಎಲ್ಲರೂ ಒಟ್ಟಿಗೆ ಸಾಲುಗಟ್ಟಿ ನಿಲ್ಲುವ ಪದ್ಧತಿ ಹೋಗಿ, ಮೊಬೈಲಿನಲ್ಲಿ ವಿಡಿಯೊ ನೋಡಿ, ಅಪಾಯದ ವೇಳೆ ಸೇರಬೇಕಾದ ನಿಮ್ಮ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಸಾಕಾಗಿದೆ. ಹನ್ನೆರಡಕ್ಕೆ ಅಲ್ಲಿ ಯಾರೂ ಇರುವುದಿಲ್ಲ, ಮೂರರ ಮೇಲೆ ಕಾಲಿಡಲು ಜಾಗವಿಲ್ಲ. ಆಮೇಲೆ ಜನರನ್ನು ಕಿಟಕಿ ಪಕ್ಕದ ಮೇಜುಗಳಿಗೆ ಕೂರಿಸಿ, ನಾನು ರಾತ್ರಿ ಊಟದ ಹಾಲಿನ ಮುಖ್ಯಸ್ಥರನ್ನು ಹುಡುಕುತ್ತೇನೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರ ಪಟ್ಟಿ ಕೊಟ್ಟು, ನಮ್ಮ ಮೇಜುಗಳನ್ನು ಅಕ್ಕಪಕ್ಕ ಹಾಕಿಸಿಕೊಳ್ಳುವುದಕ್ಕೆ ಅದೇ ಸರಿಯಾದ ಹೊತ್ತು. ಆಗ ಅವರು ಪಟ್ಟಿಯನ್ನು ಓದಿ, ಪ್ರಶ್ನೆ ಕೇಳಿ, ಬರೆದುಕೊಳ್ಳುತ್ತಾರೆ. ಸಂಜೆ ಹೋದರೆ ತಲೆಯಾಡಿಸಿ ಕಳಿಸುತ್ತಾರೆ. ಬೇಗ ಹೋಗುವುದರ ಲಾಭಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ, ಏಕೆಂದರೆ ನಮ್ಮ ಹಿರಿಯರು ಪ್ರವಾಸವನ್ನು ಅಳೆಯುವುದು ಊಟದಲ್ಲಿ.

ತಡವಾಗಿ ಹೋಗುವುದೇ ಜಾಣತನ ಎನ್ನುವವರ ಮಾತನ್ನೂ ಪರೀಕ್ಷಿಸಿದ್ದೇನೆ. ಮುಸ್ತಫಾ ಸೆಂಟರಿನಲ್ಲಿ ಖರೀದಿ ಬಾಕಿಯಿದ್ದ ಎರಡು ಕಿರಿಯ ಕುಟುಂಬಗಳನ್ನು ಬೇಕೆಂದೇ ಎರಡೂಕಾಲಕ್ಕೆ ಬರಲು ಹೇಳಿದೆ. ಸಾಲೇ ಇರಲಿಲ್ಲ, ಹತ್ತು ನಿಮಿಷದಲ್ಲಿ ಒಳಗೆ ಬಂದರು. ಕೈಚೀಲದಲ್ಲೇ ಪ್ರಯಾಣ ಮುಗಿಸುವ ಕಿರಿಯರಿಗೆ ಅದು ಒಳ್ಳೆಯ ದಾರಿ, ಒಪ್ಪುತ್ತೇನೆ. ಆದರೆ ಅವರ ಎರಡು ದೊಡ್ಡ ಪೆಟ್ಟಿಗೆಗಳು ಬಂದದ್ದು ಊಟ ಮುಗಿದ ಮೇಲೆ. ಅರವತ್ತು ದಾಟಿದವರೊಂದಿಗೆ ನಾನು ಈ ದಾರಿ ಹಿಡಿಯುವುದಿಲ್ಲ.

ಗುಂಪು ಹೊರಡಿಸುವವರು ದಿನಾಂಕ ನೋಡುವಾಗ ಇನ್ನೊಂದನ್ನು ಗಮನಿಸಿ. ಫಾರ್ಮುಲಾ ಒನ್ ರಾತ್ರಿ ಓಟದ ವಾರ, ಆಗಸ್ಟ್ 9ರ ರಾಷ್ಟ್ರೀಯ ದಿನ, ಡಿಸೆಂಬರಿನ ಮ್ಯಾರಥಾನ್ ಭಾನುವಾರ, ಈ ದಿನಗಳಲ್ಲಿ ಮರೀನಾ ಬೇ ಸುತ್ತಿನ ರಸ್ತೆಗಳನ್ನು ಮುಚ್ಚುವುದುಂಟು. ಅಂಥ ದಿನ ಜನ ಮೆಟ್ರೊದಲ್ಲಿ ಎಂದಿನಂತೆ ತಲುಪುತ್ತಾರೆ, ಸಿಕ್ಕಿಬೀಳುವುದು ಪೆಟ್ಟಿಗೆಯ ವ್ಯಾನು ಮತ್ತು ಮಂಡಿನೋವಿನವರ ಟ್ಯಾಕ್ಸಿ. ಅವೆರಡನ್ನೂ ಮುಕ್ಕಾಲು ಗಂಟೆ ಮೊದಲೇ ಹೊರಡಿಸಿ, ಚಾಲಕರಿಗೆ ಹತ್ತು ಡಾಲರ್ ಹೆಚ್ಚಿಗೆ ಮೊದಲೇ ಮಾತಾಡಿಕೊಳ್ಳಿ.