ಮದುವಿ ಕ್ಯಾಸೆಟ್‌ನ್ಯಾಗ ದೆವ್ವ ಕೂಡ್ಸೋದು ಹೆಂಗ

ಅನಲಾಗ್ ಹಾರರ್, ಅಂದ್ರ ಹಳೇ ಕ್ಯಾಸೆಟ್ ಚಿತ್ರದಂಗ ಕಾಣೋ ದೆವ್ವದ ಸೀರೀಸ್ ಮಾಡ್ತೀನಿ ಅಂತ ಹೊಂಟ ಹುಡುಗ್ರು ಎಲ್ಲಾರೂ ಮಾಡೋ ತಪ್ಪು ಒಂದ ನೋಡ್ರಿ, ಮೊದ್ಲ ವಿಎಚ್‌ಎಸ್ (ಹಳೇ ವಿಡಿಯೋ ಕ್ಯಾಸೆಟ್) ಫಿಲ್ಟರ್ ಹುಡುಕ್ತಾರ, ಕತಿ ಆಮ್ಯಾಲ. ಉಲ್ಟಾ ಮಾಡ್ರಿ. ಆ ಕ್ಯಾಸೆಟ್ ಯಾರ್ದು, ಯಾರು ಶೂಟ್ ಮಾಡಿದ್ರು, ಯಾಕ ಇಷ್ಟು ವರ್ಷ ಇಟ್ಕೊಂಡ್ರು, ಅದರ ಮ್ಯಾಲ ಆಮ್ಯಾಲ ಯಾರರ ಏನರ ರೆಕಾರ್ಡ್ ಮಾಡಿದ್ರೇನು, ಇಷ್ಟು ಒಂದು ಹಾಳ್ಯಾಗ ಬರ್ಕೊಂಡು ಆಮ್ಯಾಲ ಕಂಪ್ಯೂಟರ್ ಚಾಲೂ ಮಾಡ್ರಿ.

ಅಮೆರಿಕದವ್ರಿಗೆ ಹೆದರ್ಸಾಕ ಬರ್ಗರ್ ಹೋಟೆಲ್, ಕುಣಿಯೋ ಗೊಂಬಿ ಅದಾವ, ನಮ್ಮ ಬಾಗಲಕೋಟಿ ಕಡೆ ಅಟ್ಟದ ಮ್ಯಾಲ ಟ್ರಂಕಿನ್ಯಾಗ ಏನೈತಿ? ಮದುವಿ ಕ್ಯಾಸೆಟ್. ಅದರ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚಿಪ್ಪು ಇರ್ತೈತಿ, ಅದನ್ನ ಮುರಿದ್ರ ವಿಸಿಆರ್ (ಕ್ಯಾಸೆಟ್ ಓಡಿಸೋ ಮಷೀನ್) ಅದರ ಮ್ಯಾಲ ರೆಕಾರ್ಡ್ ಮಾಡಂಗಿಲ್ಲ, ಮದುವಿ ಅಳಿಸಬಾರ್ದು ಅಂತ ಮುರಿತಿದ್ರು. ಆದ್ರ ಆ ತೂತಿಗೆ ಸೆಲೋಟೇಪ್ ಹಚ್ಚಿದ್ರ ಮತ್ತ ರೆಕಾರ್ಡ್ ಆಗ್ತೈತಿ. ನಿಮ್ಮ ಮೊದಲ್ನೇ ಶಾಟ್ ಅದ ಇರ್ಲಿ, ಮುರಿದ ಚಿಪ್ಪು, ಮ್ಯಾಲ ಹಳದಿ ಆದ ಸೆಲೋಟೇಪ್. ಯಾರೋ ಬೇಕಂತನ ಮದುವಿ ಮ್ಯಾಲ ಏನೋ ರೆಕಾರ್ಡ್ ಮಾಡ್ಯಾರ, ಒಂದು ಮಾತೂ ಹೇಳಬೇಕಾಗಿಲ್ಲ.

ಇಲ್ಲೇ ಒಂದು ಚಲೋ ಸಂಗತಿ ಐತಿ. ಮನಿ ವಿಸಿಆರ್‌ನ್ಯಾಗ ಪೂರ್ತಿ ಅಳಿಸೋ ಹೆಡ್, ಚಿತ್ರ ಬರಿಯೋ ಹೆಡ್ ಇರೋ ತಿರುಗೋ ಡ್ರಮ್ಮಿಗಿಂತ ಸ್ವಲ್ಪ ಹಿಂದ ಇರ್ತೈತಿ, ಹಂಗಾಗಿ ಹಳೇದರ ಮ್ಯಾಲ ರೆಕಾರ್ಡ್ ಚಾಲೂ ಮಾಡಿದ್ರ ಮೊದಲ ಕೆಲವು ಸೆಕೆಂಡ್ ಹಳೇದು ಪೂರ್ತಿ ಅಳಿಸಿರಂಗಿಲ್ಲ, ಹೊಸ ಚಿತ್ರದ ಮ್ಯಾಲ ಕಾಮನಬಿಲ್ಲಿನಂಗ ಬಣ್ಣದ ಗೆರಿ ಆಡ್ತಾವ. ನಿಮ್ಮ ದೆವ್ವ ಬರಬೇಕಾದ ಜಾಗ ಅದ. ಅಕ್ಷತೆ ಹಾಕೋ ಮಂದಿ ಒಂದು ಫ್ರೇಮ್, ಅದರ ಅಡಿಗೆ ಖಾಲಿ ಪಡಸಾಲಿ ಒಂದು ಫ್ರೇಮ್, ಮುಗೀತು. ಕಿರ್ ಅಂತ ಚೀರಿಸಿ ಮುಖ ತೋರ್ಸೋದು ಬ್ಯಾಡ್ರಿ, ಅದಕ್ಕ ಹೆದ್ರೋ ಕಾಲ ಹೋತು.

ಮತ್ತ ಕಾಲದ ಲೆಕ್ಕ. 90ರ ದಶಕದ ಕ್ಯಾಸೆಟ್ ಲೇಬಲ್ ಮ್ಯಾಲ ವಿಜಯಪುರ ಅಂತ ಬರದ್ರ ಕತಿ ಅಲ್ಲೇ ಸತ್ತಂಗ, ಯಾಕಂದ್ರ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕ, ಅಲ್ಲೀತನ ಬಿಜಾಪುರ, ಬೆಳಗಾವಿ ಸೈತ ಇಂಗ್ಲಿಷ್‌ನ್ಯಾಗ ಬೆಲ್ಗಾಮ್. ಬಾಗಲಕೋಟಿ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ, ಅದಕ್ಕಿಂತ ಮೊದಲಿನ ಲಗ್ನಪತ್ರಿಕಿ ತೋರ್ಸಿದ್ರ ಜಿಲ್ಲಾ ಬಿಜಾಪುರ ಅಂತನ ಇರಬೇಕು. ರೂಪಾಯಿ ಚಿಹ್ನೆ ಬಂದಿದ್ದು 2010ಕ್ಕ, ಆಯೇರಿ ಪಟ್ಟಿ ತೋರ್ಸಿದ್ರ "ರೂ." ಅಂತ ಬರೀರಿ. ಅಕ್ಷರ ಕಂಪ್ಯೂಟರ್ ಫಾಂಟ್ ಹಾಕಬ್ಯಾಡ್ರಿ, ಕೈಲೆ ಬರದು ಸ್ಕ್ಯಾನ್ ಮಾಡ್ರಿ.

ಚಿತ್ರ ಬಿಡ್ಸೋದು ಕ್ರಿಟಾ ಸಾಫ್ಟ್‌ವೇರ್‌ನ್ಯಾಗ ಆಗ್ತೈತಿ, ಓಪನ್‌ಟೂನ್ಜ್ ಆದ್ರೂ ನಡೀತೈತಿ, ಎರಡೂ ಪುಕ್ಕಟ. ಅನಿಮೇಶನ್ ನುಣುಪು ಬ್ಯಾಡ, ಒಂದೊಂದು ಚಿತ್ರ ಮೂರು ಫ್ರೇಮ್ ನಿಲ್ಲಿಸ್ರಿ. ಪ್ರಾಜೆಕ್ಟ್ 4:3, 720x576, ಸೆಕೆಂಡಿಗೆ 25 ಫ್ರೇಮ್, ಯಾಕಂದ್ರ ನಮ್ಮ ಹಳೇ ಟಿವಿ, ಕ್ಯಾಸೆಟ್ ಎಲ್ಲಾ ಪಾಲ್ ಅನ್ನೋ ಪದ್ಧತೀವು. ಸಿಗೋ ಫಿಲ್ಟರ್‌ನ್ಯಾಗ ಭಾಳ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತೀವು, ಅದರಾಗ ಮುಖ ಹಸಿರು ಕೆಂಪು ತಿರುಗ್ತಾವ, ಪಾಲ್‌ನ್ಯಾಗ ಹಂಗ ತಿರುಗೋದು ಭಾಳ ಕಡಿಮಿ, ಬಣ್ಣ ಮಾಸ್ತೈತಿ ಅಷ್ಟ, ಹಂಗಾಗಿ ಫಿಲ್ಟರ್‌ನ್ಯಾಗ ಬಣ್ಣ ತಿರುಗ್ಸೋ ಬಟನ್ ಕಡಿಮಿ ಇಡ್ರಿ. ವಿಎಚ್‌ಎಸ್‌ನ್ಯಾಗ ಅಡ್ಡಕ್ಕ ಸುಮಾರು 240 ಗೆರಿ ವಿವರ ಉಳೀತೈತಿ, ಬಣ್ಣದ್ದು ಅದಕ್ಕಿಂತ ಎಷ್ಟೋ ಕಡಿಮಿ, ಅದಕ್ಕ ಸಣ್ಣ ಗೆರಿ ಬಿಡಿಸಿ ಕಣ್ಣು ಕಳ್ಕೋಬ್ಯಾಡ್ರಿ. ಕೆಂಪು ಎಲ್ಲಾದಕ್ಕಿಂತ ಜಾಸ್ತಿ ಸೋರ್ತೈತಿ. ಮದುಮಗಳಿಗೆ ಇಳಕಲ್ ಸೀರಿ ಉಡಿಸಿ ತೆನಿ ಸೆರಗು ಹೊದಿಸ್ರಿ, ಆ ಕೆಂಪು ಪಕ್ಕದಾಕಿ ಮುಖದ ಮ್ಯಾಲ ಹರೀತಿದ್ರ ಒಂದು ಪೈಸಾ ಎಫೆಕ್ಟ್ ಬೇಕಾಗಿಲ್ಲ.

ಖರೇ ಟೇಪ್ ಮ್ಯಾಲ ಹಾಕೋ ಆಸೆ ಇದ್ರ, ಹಳೇ ಟಿವಿ ರಿಪೇರಿ ಅಂಗಡ್ಯಾಗ, ಮದುವಿ ವಿಡಿಯೋ ಮಾಡ್ತಿದ್ದವ್ರ ಕಡೆ ವಿಸಿಆರ್ ಕೇಳ್ರಿ. ಕಂಪ್ಯೂಟರ್ ಚಿತ್ರಾನ ವಿಸಿಆರ್‌ಗೆ ಹೊಂದೋಹಂಗ ಬದಲಿಸೋ ಎಚ್‌ಡಿಎಂಐ ಟು ಎವಿ ಡಬ್ಬಿ ತಗೊಂಡು ಅದರ ಸ್ವಿಚ್ ಪಾಲ್‌ಗೆ ಹಾಕಿ (ಇದ ಮರ್ತು ನಾ ಒಂದು ರಾತ್ರಿ ಕಪ್ಪು ಬಿಳುಪು ಚಿತ್ರ ನೋಡ್ಕೋತ ಕುಂತಿದ್ದೆ) ವಿಸಿಆರ್‌ಗೆ ರೆಕಾರ್ಡ್ ಮಾಡಿ, ಯುಎಸ್‌ಬಿ ಕ್ಯಾಪ್ಚರ್‌ಲೆ ಕಂಪ್ಯೂಟರ್‌ಗೆ ವಾಪಸ್ ತಗೋರಿ. ಇನ್ನೊಮ್ಮೆ ಕಾಪಿ ಮಾಡಿದ್ರ ಬೀಗರ ಮನಿಯಿಂದ ತಂದ ಕಾಪಿಯಂಗ ಕಾಣ್ತೈತಿ. ಬಿಳಿ ಬೂಷ್ಟು ಹಿಡಿದ ಕ್ಯಾಸೆಟ್ ಮಾತ್ರ ಹಾಕಬ್ಯಾಡ್ರಿ, ಹೆಡ್ ಕೆಡ್ತೈತಿ. ಕ್ಯಾಪ್ಚರ್ ಮಾಡಿದಾಗ ತಳದಾಗ ಒಂದು ಹರದ ಪಟ್ಟಿ ಕಾಣ್ತೈತಿ, ಅದು ಒಂದು ಹೆಡ್ಡಿನಿಂದ ಇನ್ನೊಂದಕ್ಕ ಬದಲಾಗೋ ಜಾಗ, ಹಳೇ ಟಿವ್ಯಾಗ ಅಂಚಿನ ಹಿಂದ ಮುಚ್ಚಿ ಹೋಗ್ತಿತ್ತು. ಕತಿಯೊಳಗ ಟಿವಿ ತೋರ್ಸೋದಿದ್ರ ಕತ್ತರಿಸ್ರಿ, ಕ್ಯಾಸೆಟ್ ಕಂಪ್ಯೂಟರ್‌ಗೆ ಏರಿಸ್ಯಾರ ಅನ್ನೋ ಕತಿ ಇದ್ರ ಬಿಡ್ರಿ.

ಸೌಂಡು ಮೋನೋ, ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರ್‌ನ್ಯಾಗ ಮ್ಯಾಲಿನ ಚೂಪು ದನಿ ಕಡಿರಿ, ಅಡಿಗೆ 50 ಹರ್ಟ್ಜ್ ಗುಂಯ್ ಅನ್ನೋದು ಸೇರಿಸ್ರಿ, 60 ಅಲ್ಲ, ನಮ್ಮ ಕರೆಂಟ್ 50ರದು. ಸಿನಿಮಾ ಹಾಡು ಹಾಕಿದ್ರ ಕಾಪಿರೈಟ್ ಬರ್ತೈತಿ. ಬದ್ಲಿ ಅಜ್ಜಿ ಮುಂದ ಕುಂತು ಒಂದು ಸೋಬಾನ ಪದ ಮೊಬೈಲ್‌ನ್ಯಾಗ ಹಿಡ್ಕೊಳ್ರಿ, ಅದನ್ನ ಸ್ವಲ್ಪ ನಿಧಾನ ಓಡಿಸಿ, ನಡಬರಕ ಒಂದು ಸಾಲು ಕಡದು ಬಿಡ್ರಿ. ಯಾರರ ಖರೇ ಮದುವಿ ಕ್ಯಾಸೆಟ್ ಬಳಸೋದಿದ್ರ ಕೇಳಿ ಬಳಸ್ರಿ.

ಕತಿ ಬೇಕಂದ್ರ ಊರು ಮುಳುಗಿಸಿದ ಆಲಮಟ್ಟಿ ಡ್ಯಾಮಿನ ಹಿನ್ನೀರು ಐತಲ್ಲ. ಮುಳುಗಡಿ ಮಂದೀನ ದೆವ್ವ ಮಾಡಬ್ಯಾಡ್ರಿ, ಅವ್ರು ನವನಗರದಾಗ ಆರಾಮ ಚಾ ಕುಡಿಯಾಕತ್ತಾರ. ಮನಿ ಅಷ್ಟ ತೋರ್ಸ್ರಿ, ಒಳಗಿಂದ, ದೀಪ ಹಚ್ಚಿದ್ದು, ಮೂಲ್ಯಾಗ ಕ್ಯಾಮರಾ ತಾರೀಖು, ಆ ತಾರೀಖು ಊರು ಮುಳುಗಿದ ಮ್ಯಾಲಿಂದು. ನೋಡೋವ್ರು ಲೆಕ್ಕ ಹಾಕ್ಕೋತಾರ.

ಯೂಟ್ಯೂಬಿಗೆ ಹಾಕೂಮುಂದ 1440x1080ಕ್ಕ ದೊಡ್ಡದು ಮಾಡಿ ಹಾಕ್ರಿ, ಇಲ್ಲಂದ್ರ ನಿಮ್ಮ ಚುಕ್ಕಿ ಗದ್ದಲ ಎಲ್ಲಾ ಚೌಕ ಚೌಕ ಆಗ್ತೈತಿ. ಟೇಪಿಗೆ ಹಾಕಿದ್ದು ಮುಗಿದ ಕೂಡ್ಲೆ ಚಿಪ್ಪು ಮುರೀರಿ, ನಾ ಮುರಿಲಿಲ್ಲ, ನಮ್ಮ ತಮ್ಮ ರಿಮೋಟ್ ಟೆಸ್ಟ್ ಮಾಡಾಕ ಹೋಗಿ ಮದುಮಗಳ ಸೀನ್ ಪೂರ್ತಿ ಒರೆಸಿಬಿಟ್ಟ.